ಮೂಗು ಮುಚ್ಚಿಕೊಂಡು ಟೀ ಕುಡಿಯಿರಿ: ಫ್ಲೇವರ್ಡ್ ಬ್ಲ್ಯಾಕ್ ಟೀ, ಬಿಡಿ ಎಲೆಯ ಗ್ರೀನ್ ಟೀ ಹೋಲಿಸಿ ನೋಡುವ ಬಗೆ

ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿ ಯಾವುದಾದರೂ ಫ್ಲೇವರ್ಡ್ ಬ್ಲ್ಯಾಕ್ ಟೀ ಇದ್ದರೆ, ವೆನಿಲ್ಲಾ ಆಗಲಿ ಪೀಚ್ ಆಗಲಿ, ಹಾಲು ಸಕ್ಕರೆ ಹಾಕದೆ ಒಂದು ಕಪ್ ಮಾಡಿಕೊಳ್ಳಿ. ಸ್ವಲ್ಪ ಆರಲಿ. ಆಮೇಲೆ ಎರಡು ಬೆರಳಲ್ಲಿ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ವೆನಿಲ್ಲಾ ಎಲ್ಲಿ ಹೋಯಿತು? ಬಾಯಲ್ಲಿ ಉಳಿದಿದ್ದು ಬರೀ ಟೀ. ಸ್ವಲ್ಪ ಕಹಿ, ಸ್ವಲ್ಪ ಒಗರು, ಅಷ್ಟೇ. ಈಗ ನುಂಗುತ್ತಲೇ ಮೂಗು ಬಿಡಿ. ಘಮ ಪಕ್ಕನೆ ವಾಪಸ್ ಬರುತ್ತದೆ.

ನಾವು ರುಚಿ ಅಂದುಕೊಂಡಿದ್ದರಲ್ಲಿ ಬಹುಪಾಲು ವಾಸನೆ. ನುಂಗುವಾಗ ಬಾಯಿಯ ಹಿಂಭಾಗದಿಂದ ಗಾಳಿ ಮೂಗಿಗೆ ಹತ್ತುತ್ತದಲ್ಲ, ಆ ದಾರಿಯಲ್ಲಿ ಬರುವ ವಾಸನೆಯನ್ನು ತಲೆ "ನಾಲಿಗೆಯ ರುಚಿ" ಅಂತ ಲೆಕ್ಕ ಹಾಕಿಬಿಡುತ್ತದೆ. ಟೀ ಟೇಸ್ಟರ್‌ಗಳು ಚಮಚದಿಂದ ಸೊರ್ ಅಂತ ಸದ್ದು ಮಾಡಿ ಹೀರುವುದೂ ಇದಕ್ಕೇ. ಟೀ ಹನಿ ಹನಿಯಾಗಿ ಚೆದುರಿ ಬಾಯಿ ತುಂಬ ಹರಡುತ್ತದೆ, ಘಮ ಮೂಗಿಗೆ ಏರುತ್ತದೆ. ನೀವೂ ಹಾಗೇ ಹೀರಿ. ನಾಚಿಕೆ ಆದರೆ ಒಬ್ಬರೇ ಇದ್ದಾಗ ಮಾಡಿ.

ಈ ಮೂಗಿನ ಪರೀಕ್ಷೆಯಿಂದಲೇ ಯಾಕೆ ಶುರು ಮಾಡಿದೆ ಅಂದರೆ, ಫ್ಲೇವರ್ಡ್ ಬ್ಲ್ಯಾಕ್ ಟೀ ಮತ್ತು ಗ್ರೀನ್ ಟೀಯನ್ನು ಪಕ್ಕಪಕ್ಕ ಇಟ್ಟು ಒಂದೇ ಅಳತೆಗೋಲಿನಲ್ಲಿ ಅಂಕ ಕೊಡುವವರನ್ನು ತುಂಬ ನೋಡಿದ್ದೇನೆ. ಒಂದು ಕಾಲದಲ್ಲಿ ನಾನೂ ಕೊಟ್ಟಿದ್ದೇನೆ. ಆಗ ಆಗುವುದು ಇಷ್ಟೇ: ಜೋರಾಗಿ ಘಮಿಸುವುದು ಗೆಲ್ಲುತ್ತದೆ, ಮೆತ್ತಗಿರುವುದು ಸೋಲುತ್ತದೆ. ಎರಡಕ್ಕೂ ಕೇಳಬೇಕಾದ ಪ್ರಶ್ನೆಯೇ ಬೇರೆ. ಫ್ಲೇವರ್ಡ್ ಟೀಯಲ್ಲಿ ಘಮದ ಹಿಂದೆ ಅವಿತಿರುವ ಎಲೆ ಹೇಗಿದೆ ಅಂತ ಹುಡುಕಬೇಕು. ಗ್ರೀನ್ ಟೀಯಲ್ಲಿ ನೀರು ಮಾಡಿದ ತಪ್ಪನ್ನು ಎಲೆಯ ತಲೆಗೆ ಕಟ್ಟದ ಹಾಗೆ ನೋಡಿಕೊಳ್ಳಬೇಕು.

ಗಿಡ ಮಾತ್ರ ಎರಡಕ್ಕೂ ಒಂದೇ, ಕ್ಯಾಮೆಲಿಯಾ ಸೈನೆನ್ಸಿಸ್. ಬ್ಲ್ಯಾಕ್ ಟೀಗೆ ಎಲೆಯನ್ನು ಬಾಡಿಸಿ, ಉಜ್ಜಿ ಸುರುಳಿ ಮಾಡಿ, ಗಾಳಿಗೆ ಬಿಡುತ್ತಾರೆ. ಎಲೆಯೊಳಗಿನ ಕಿಣ್ವಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಎಲೆಯನ್ನು ಕಂದು ಮಾಡುತ್ತವೆ, ಕತ್ತರಿಸಿಟ್ಟ ಸೇಬು ಕಂದಾಗುವ ಹಾಗೆ. ಗ್ರೀನ್ ಟೀಗೆ ಕಿತ್ತ ಸ್ವಲ್ಪ ಹೊತ್ತಿಗೇ ಬಿಸಿ ತಾಗಿಸಿ ಆ ಕಿಣ್ವದ ಕೆಲಸ ನಿಲ್ಲಿಸುತ್ತಾರೆ. ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿದು, ಜಪಾನಿನಲ್ಲಿ ಹೆಚ್ಚಾಗಿ ಹಬೆಯಲ್ಲಿ. ಈ ಬಾಣಲೆ, ಹಬೆ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಾಮಾನು

ಜಾಸ್ತಿ ಏನೂ ಬೇಡ. ಒಳಗೆ ಬಿಳಿ ಇರುವ ಒಂದೇ ಅಳತೆಯ ಪಿಂಗಾಣಿ ಕಪ್‌ಗಳು ಮೂರು ಅಥವಾ ನಾಲ್ಕು. ಮುಚ್ಚಲು ತಟ್ಟೆ. ಸೋಸಲು ಸ್ಟೀಲ್ ಜಾಲರಿ. ಗಡಿಯಾರ. ಮತ್ತೆ, ದಯವಿಟ್ಟು, 0.1 ಗ್ರಾಂ ತೋರಿಸುವ ಒಂದು ಚಿಕ್ಕ ತಕ್ಕಡಿ. ಇದೊಂದನ್ನು ಬಿಡಬೇಡಿ. ಚಮಚದ ಲೆಕ್ಕ ಗ್ರೀನ್ ಟೀಯಲ್ಲಿ ಪೂರ್ತಿ ಕೈಕೊಡುತ್ತದೆ. ಗನ್‌ಪೌಡರ್ ಅನ್ನುವ ಗ್ರೀನ್ ಟೀ ಸಣ್ಣ ಗುಂಡಿನ ಹಾಗೆ ಉರುಟಾಗಿ ಸುತ್ತಿಕೊಂಡಿರುತ್ತದೆ, ಒಂದು ಚಮಚ ತುಂಬಿದರೆ ಭಾರ ಕೂತಿರುತ್ತದೆ. ಅದೇ ಚಮಚಕ್ಕೆ ಅಗಲವಾದ ಸಡಿಲ ಎಲೆ ತುಂಬಿದರೆ ಒಳಗೆಲ್ಲ ಗಾಳಿಯೇ. ಒಂದು ಕಡಕ್, ಇನ್ನೊಂದು ಸಪ್ಪೆ ಅಂತ ತೀರ್ಪು ಕೊಟ್ಟುಬಿಡುತ್ತೀರಿ, ತಪ್ಪು ಚಮಚದ್ದು.

ಮೆರುಗು ಹಾಕದ ಮಣ್ಣಿನ ಪಾತ್ರೆ ಬೇಡ. ಪ್ಲಾಸ್ಟಿಕ್ ಲೋಟ, ಪ್ಲಾಸ್ಟಿಕ್ ಜರಡಿಯೂ ಬೇಡ. ಫ್ಲೇವರ್ಡ್ ಟೀಯ ಎಣ್ಣೆ ಅವುಗಳಲ್ಲಿ ಇಳಿದು ಕೂತರೆ ಎಷ್ಟು ತೊಳೆದರೂ ಹೋಗುವುದಿಲ್ಲ, ಮುಂದಿನ ಪ್ರತಿ ಕಪ್‌ನಲ್ಲೂ ಇಣುಕುತ್ತದೆ.

ಇಲ್ಲೇ ನನ್ನ ಒಂದು ಪೆದ್ದತನ ಹೇಳಿಬಿಡುತ್ತೇನೆ. ಒಮ್ಮೆ ಒಳ್ಳೆಯ ಗ್ರೀನ್ ಟೀಯ ಪೊಟ್ಟಣ ಒಡೆದು, ಬಾಯಿ ಸರಿಯಾಗಿ ಕಟ್ಟದೆ, ನಿಂಬೆ ಜಾತಿಯ ಹಣ್ಣಿನ ಘಮ ಹಾಕಿದ ಬ್ಲ್ಯಾಕ್ ಟೀ, ಅಂದರೆ ಅರ್ಲ್ ಗ್ರೇ, ಇದ್ದ ಡಬ್ಬದಲ್ಲೇ ಇಟ್ಟಿದ್ದೆ. ಒಂದು ವಾರ ಬಿಟ್ಟು ಕುಡಿದಾಗ "ಆಹಾ, ಈ ಟೀಯಲ್ಲಿ ಎಷ್ಟು ಚೆಂದದ ಸಿಟ್ರಸ್ ಛಾಯೆ ಇದೆ" ಅಂತ ಪುಸ್ತಕದಲ್ಲಿ ಬರೆದೂ ಬಿಟ್ಟೆ. ಒಣಗಿದ ಟೀ ಎಲೆ ಸುತ್ತಲಿನ ವಾಸನೆಯನ್ನು ಸ್ಪಂಜಿನ ಹಾಗೆ ಹೀರುತ್ತದೆ. ಮಲ್ಲಿಗೆ ಟೀ ಮಾಡುವುದೇ ಈ ಗುಣ ನಂಬಿಕೊಂಡು: ಸಂಜೆ ಬಿರಿಯುವ ಮೊಗ್ಗುಗಳನ್ನು ಎಲೆಯ ಜೊತೆ ಬೆರೆಸಿ ರಾತ್ರಿ ಬಿಟ್ಟು, ಬಾಡಿದ ಹೂ ತೆಗೆದು, ಒಳ್ಳೆಯ ದರ್ಜೆಯದಾದರೆ ಹೊಸ ಹೂವಿನಲ್ಲಿ ಮತ್ತೆ ಮತ್ತೆ ಅದನ್ನೇ ಮಾಡುತ್ತಾರೆ. ಹಾಗಾಗಿ ಪೊಟ್ಟಣದಲ್ಲಿ ಒಣ ಹೂ ಜಾಸ್ತಿ ಕಂಡರೆ ಟೀ ಜಾಸ್ತಿ ಘಮಿಸುತ್ತದೆ ಅಂತೇನೂ ಇಲ್ಲ. ಘಮ ಆಗಲೇ ಎಲೆಗೆ ಇಳಿದಿದೆ, ಹೂ ನೋಡಲು ಚೆಂದಕ್ಕೆ.

ನೀರು

ನೀರಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕಪ್‌ನಲ್ಲಿರುವುದು ಬಹುಪಾಲು ಅದೇ. ಗಡಸು ನೀರಿನಲ್ಲಿ ಬ್ಲ್ಯಾಕ್ ಟೀ ಮಂಕಾಗುತ್ತದೆ, ಮೇಲೆ ತೆಳ್ಳಗೆ ಕೆನೆಯಂಥ ಪೊರೆ ಕಟ್ಟುತ್ತದೆ. ಅದು ಎಲೆಯ ಕೊಳೆ ಅಲ್ಲ, ನೀರಿನ ಕ್ಯಾಲ್ಸಿಯಂ ಟೀಯ ಜೊತೆ ಸೇರಿ ಆಗುವ ಪೊರೆ. ಪೂರ್ತಿ ಖನಿಜ ತೆಗೆದ ನೀರೂ ಒಳ್ಳೆಯದಲ್ಲ, ಟೀ ಬಡಕಲಾಗಿ ಇಳಿಯುತ್ತದೆ. ಮಧ್ಯದ್ದು ಸಾಕು. ಯಾವ ನೀರು ಅನ್ನುವುದಕ್ಕಿಂತ ಹೋಲಿಸುವ ಅಷ್ಟೂ ಕಪ್‌ಗೆ ಒಂದೇ ನೀರು ಅನ್ನುವುದು ಮುಖ್ಯ. ಇವತ್ತು ಫಿಲ್ಟರ್ ನೀರು, ನಾಳೆ ನಲ್ಲಿ ನೀರು ಮಾಡಿಕೊಂಡು ಎರಡು ಟೀ ಹೋಲಿಸಬೇಡಿ.

ಬಿಸಿ ಎಷ್ಟಿರಬೇಕು? ಬ್ಲ್ಯಾಕ್ ಟೀಗೆ ಕುದಿಯುವ ನೀರು, ಅದರಲ್ಲಿ ಚೌಕಾಸಿ ಇಲ್ಲ. ಎತ್ತರದ ಜಾಗದಲ್ಲಿದ್ದರೆ ನೀರು ಬೇಗ ಕುದಿಯುತ್ತದೆ ಅನ್ನುವುದು ಗೊತ್ತಿರಲಿ, ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಏನೂ ಮಾಡಲಾಗದು, ಅರ್ಧ ನಿಮಿಷ ಜಾಸ್ತಿ ಬಿಡಿ. ಗ್ರೀನ್ ಟೀಗೆ ಹೆಚ್ಚಿನ ಪಾಲು 75ರಿಂದ 85 ಡಿಗ್ರಿ ಸರಿ. ನೆರಳಿನಲ್ಲಿ ಬೆಳೆಸಿದ ಗ್ಯೊಕುರೊ ಅನ್ನುವ ಜಪಾನಿ ಗ್ರೀನ್ ಟೀಗೆ ಇನ್ನೂ ಕಡಿಮೆ, 50ರಿಂದ 60.

ಇದು ಸುಮ್ನೆ ಮಡಿವಂತಿಕೆ ಅಲ್ಲ. ಎಲೆಯಲ್ಲಿ ಒಗರು, ಕಹಿ ಕೊಡುವ ಕ್ಯಾಟೆಕಿನ್‌ಗಳು ನೀರು ಬಿಸಿಯಾದಷ್ಟೂ ಜಾಸ್ತಿ ಇಳಿಯುತ್ತವೆ. ಸವಿ ಕೊಡುವ ಥಿಯಾನಿನ್ ಕಡಿಮೆ ಬಿಸಿಯಲ್ಲೂ ಸಲೀಸಾಗಿ ಇಳಿಯುತ್ತದೆ. ಅಂದರೆ ನೀರಿನ ಬಿಸಿ ಇಳಿಸಿದರೆ ಸವಿ ಉಳಿದುಕೊಂಡು ಒಗರು ಹಿಂದೆ ಸರಿಯುತ್ತದೆ. "ನನಗೆ ಗ್ರೀನ್ ಟೀ ಆಗಲ್ಲ, ಬರೀ ಕಹಿ" ಅನ್ನುವವರಲ್ಲಿ ಅರ್ಧ ಜನ ಕುದಿಯುವ ನೀರನ್ನು ಎಲೆ ಮೇಲೆ ಸುರಿದು ಮರೆತವರು ಅಂತ ನನ್ನ ಗುಮಾನಿ.

ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆ ಇಲ್ಲ. ಕುದಿಯುವ ನೀರು ಮೂರು ಪಾಲು, 25 ಡಿಗ್ರಿ ಆಸುಪಾಸಿನ ತಣ್ಣೀರು ಒಂದು ಪಾಲು ಬೆರೆಸಿದರೆ ಸುಮಾರು 81 ಆಗುತ್ತದೆ. ಎರಡಕ್ಕೆ ಒಂದು ಬೆರೆಸಿದರೆ 75. ಸಮ ಸಮ ಬೆರೆಸಿದರೆ 62ರ ಹತ್ತಿರ. ಸರಳ ಸರಾಸರಿ ಲೆಕ್ಕ, ಅಲ್ವಾ? ಕಪ್ ತಣ್ಣಗಿದ್ದರೆ ಅದೂ ಒಂದಿಷ್ಟು ಬಿಸಿ ಕುಡಿಯುತ್ತದೆ, ಆದ್ದರಿಂದ ಮೊದಲು ಕಪ್‌ಗೆ ಬಿಸಿನೀರು ತಿರುವಿ ಚೆಲ್ಲಿ. ಫ್ಲಾಸ್ಕಿನಲ್ಲಿ ತುಂಬಿಟ್ಟ ನೀರು ಬಳಸುವುದಾದರೆ, ಅದರಲ್ಲಿ ಹಿಂದೆ ಕಾಫಿ ತುಂಬಿರಲಿಲ್ಲ ತಾನೇ ಅಂತ ಒಮ್ಮೆ ಮೂಸಿ ನೋಡಿ.

ಒಗರು ಬೇರೆ, ಕಹಿ ಬೇರೆ

ಟೀ ವಿಷಯದಲ್ಲಿ ಕನ್ನಡ ಗೊತ್ತಿರುವವರಿಗೆ ಒಂದು ಅನುಕೂಲ ಇದೆ. ಒಗರು ಅನ್ನುವ ಮಾತು ನಮಗೆ ಚಿಕ್ಕಂದಿನಿಂದ ಗೊತ್ತು. ಕಹಿ ನಾಲಿಗೆಗೆ ತಿಳಿಯುವ ರುಚಿ. ಒಗರು ಬಾಯಿಗೆ ತಿಳಿಯುವ ಸ್ಪರ್ಶ: ಕೆನ್ನೆಯ ಒಳಭಾಗ ಒಣಗಿ, ನಾಲಿಗೆ ತರಿತರಿಯಾಗಿ, ಹಲ್ಲಿಗೆ ಏನೋ ಅಂಟಿದ ಹಾಗೆ ಆಗುತ್ತದಲ್ಲ, ಅದು. ಟೀಯ ಪಾಲಿಫಿನಾಲ್‌ಗಳು, ಅಂದರೆ ಕ್ಯಾಟೆಕಿನ್ ಮುಂತಾದವು, ಎಂಜಲಿನ ಪ್ರೋಟೀನನ್ನು ಹಿಡಿದುಬಿಡುತ್ತವೆ, ಬಾಯಿಯ ಜಾರುತನ ಹೋಗುತ್ತದೆ. ಮೂಗು ಮುಚ್ಚಿದರೂ ಒಗರು ಹೋಗುವುದಿಲ್ಲ. ಷಡ್ರಸದಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಇರುವಾಗ ನಿಮ್ಮ ಪುಸ್ತಕದಲ್ಲೂ ಎರಡನ್ನೂ ಬೇರೆಯೇ ಬರೆಯಿರಿ.

ಒಳ್ಳೆಯ ಬ್ಲ್ಯಾಕ್ ಟೀಗೆ ಒಂದಿಷ್ಟು ಒಗರು ಬೇಕೇ ಬೇಕು. ಅದೇ ಟೀಗೆ ಚುರುಕು ಕೊಡುವುದು. ಎಲೆ ಕಂದಾಗುವಾಗ ಹುಟ್ಟುವ ಥಿಯಾಫ್ಲೇವಿನ್‌ಗಳಿಂದ ಆ ಚುರುಕು, ಆ ಹೊಳೆಯುವ ಕೆಂಪು ಹೊಂಬಣ್ಣ. ಜೊತೆಗೇ ಹುಟ್ಟುವ ಥಿಯಾರುಬಿಜಿನ್‌ಗಳಿಂದ ಗಾಢ ಬಣ್ಣ, ದಪ್ಪ. ಒಗರು ಬಂದು, ಬಾಯಿ ಚೊಕ್ಕ ಮಾಡಿ, ಅರ್ಧ ನಿಮಿಷದಲ್ಲಿ ಹೊರಟುಹೋದರೆ ಒಳ್ಳೆಯದು. ಬಂದು ಅಲ್ಲೇ ಬಿಡಾರ ಹೂಡಿದರೆ ಎಲೆ ಸಾಧಾರಣ, ಅಥವಾ ನೀವು ಜಾಸ್ತಿ ಹೊತ್ತು ನೆನೆಸಿದ್ದೀರಿ.

ಇನ್ನೊಂದು ಮಾತು. ಒಗರು ಗುಟುಕಿನಿಂದ ಗುಟುಕಿಗೆ ಕೂಡುತ್ತಾ ಹೋಗುತ್ತದೆ. ನಾಲ್ಕು ಕಪ್ ಸಾಲಾಗಿ ಕುಡಿದರೆ ನಾಲ್ಕನೆಯದು ಪಾಪ ಯಾವಾಗಲೂ ಒಗರೊಗರು. ಹಾಗಾಗಿ ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಇನ್ನೊಂದು ಸಲ ನೋಡಿ. ನಡುನಡುವೆ ಉಗುರುಬೆಚ್ಚಗಿನ ನೀರು ಮುಕ್ಕಳಿಸಿ ಒಂದೆರಡು ನಿಮಿಷ ಬಿಡಿ.

ಫ್ಲೇವರ್ಡ್ ಬ್ಲ್ಯಾಕ್ ಟೀಯ ಸುತ್ತು

ಒಂದೇ ಬಗೆಯ ಘಮದ ಎರಡು ಅಥವಾ ಮೂರು ಟೀ ತೆಗೆದುಕೊಳ್ಳಿ. ವೆನಿಲ್ಲಾವನ್ನು ದಾಲ್ಚಿನ್ನಿಯ ಜೊತೆ ಹೋಲಿಸಿದರೆ ಗೊತ್ತಾಗುವುದು ನಿಮಗೆ ಯಾವುದು ಇಷ್ಟ ಅನ್ನುವುದು ಮಾತ್ರ. ಎರಡು ಕಡೆಯ ಅರ್ಲ್ ಗ್ರೇ ಇಟ್ಟರೆ ಕೆಲಸ ಆಗುತ್ತದೆ. ಸಾಧ್ಯವಾದರೆ ಪಕ್ಕದಲ್ಲಿ ಏನೂ ಬೆರೆಸದ ಒಂದು ಬ್ಲ್ಯಾಕ್ ಟೀಯನ್ನೂ ಇಡಿ, ಅದು ನಿಮ್ಮ ಅಳತೆಗಲ್ಲು.

ಅಳತೆ: 100 ಮಿಲಿ ನೀರಿಗೆ 2 ಗ್ರಾಂ ಎಲೆ. ಇದು ನನ್ನ ಲೆಕ್ಕ ಅಲ್ಲ. ಟೀ ರುಚಿ ಪರೀಕ್ಷೆಗೆ ಐಎಸ್‌ಒ 3103 ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ, 1980ರಲ್ಲಿ ಬಂದದ್ದು. ಅದರ ಪ್ರಕಾರ ಕುದಿಯುವ ನೀರು, 6 ನಿಮಿಷ. ಇದಕ್ಕೂ ಮೊದಲು ಬ್ರಿಟಿಷರು ಬಿಎಸ್ 6008 ಅಂತ ಆರು ಪುಟದ ಮಾನದಂಡ ಬರೆದಿದ್ದರು, ಅದಕ್ಕೆ 1999ರಲ್ಲಿ ಸಾಹಿತ್ಯದ ಇಗ್‌ನೊಬೆಲ್ ಬಹುಮಾನವೂ ಸಿಕ್ಕಿತು, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಬಹುಮಾನ ಅದು. ನಗು ಬಂದರೂ ಮಾನದಂಡದ ಉದ್ದೇಶ ಸರಿಯಾದದ್ದೇ: ರುಚಿಯಾದ ಟೀ ಮಾಡುವುದಲ್ಲ, ಯಾರು ಎಲ್ಲಿ ಮಾಡಿದರೂ ಒಂದೇ ಥರ ಆಗುವ ಟೀ ಮಾಡುವುದು. 6 ನಿಮಿಷದಲ್ಲಿ ಎಲೆಯ ಹುಳುಕೆಲ್ಲ ಹೊರಗೆ ಬರುತ್ತದೆ. ಮನೆಯಲ್ಲಿ ನಾನು 4 ನಿಮಿಷಕ್ಕೆ ನಿಲ್ಲಿಸುತ್ತೇನೆ. ಎಷ್ಟಾದರೂ ಸರಿ, ಎಲ್ಲ ಕಪ್‌ಗೂ ಅಷ್ಟೇ ಇರಬೇಕು.

ಮೊದಲು ಒಣ ಎಲೆ ನೋಡಿ. ಬಿಳಿ ತಟ್ಟೆ ಮೇಲೆ ಹರಡಿ. ಹಣ್ಣಿನ ಚೂರು, ಬಣ್ಣದ ಎಸಳು ಎಲ್ಲ ಬೆರಳಲ್ಲಿ ಪಕ್ಕಕ್ಕೆ ಸರಿಸಿ ಉಳಿದ ಎಲೆಯನ್ನು ಮಾತ್ರ ನೋಡಿ. ಎಲೆ ಒಂದೇ ಅಳತೆಯಲ್ಲಿದೆಯಾ, ಕಡ್ಡಿ ಎಷ್ಟಿದೆ, ಪುಡಿ ಎಷ್ಟಿದೆ? ಘಮ ಸಾಮಾನ್ಯವಾಗಿ ಬರುವುದು ಎಲೆಗೆ ಸಿಂಪಡಿಸಿದ ಎಣ್ಣೆಯಿಂದ ಅಥವಾ ಎಸೆನ್ಸಿನಿಂದ. ಒಣ ಮಾವಿನ ಚೂರು ನಾಲ್ಕು ನಿಮಿಷದಲ್ಲಿ ಅಂಥಾದ್ದೇನೂ ಕೊಡುವುದಿಲ್ಲ. ಆದರೆ ಎಲ್ಲವೂ ಅಲಂಕಾರ ಅಂತಲೂ ಅಲ್ಲ. ದಾಸವಾಳದ ಜಾತಿಯ ಕೆಂಪು ಪುಂಡಿ ಹೂವಿನ ಚೂರಿದ್ದರೆ ನಿಜಕ್ಕೂ ಹುಳಿ, ಕೆಂಪು ಎರಡೂ ಬರುತ್ತದೆ. ಜೇಷ್ಠಮಧು ಇದ್ದರೆ ನಿಜಕ್ಕೂ ಸಿಹಿ ಬರುತ್ತದೆ.

ಮೂಗು ಮುಚ್ಚುವ ಪರೀಕ್ಷೆ ಈಗ ಇನ್ನಷ್ಟು ಹೇಳುತ್ತದೆ. ವೆನಿಲ್ಲಾ, ಕ್ಯಾರಮೆಲ್ ಟೀ ಸಕ್ಕರೆ ಇಲ್ಲದೆಯೂ ಸಿಹಿ ಅನ್ನಿಸುತ್ತದೆ, ಸಿಹಿಯ ಜೊತೆ ಆ ವಾಸನೆಯನ್ನು ನಾವು ಅಷ್ಟು ಸಲ ಸವಿದಿದ್ದೇವೆ. ಮೂಗು ಮುಚ್ಚಿದರೆ ಆ ಸಿಹಿ ಮಾಯ. ಜೇಷ್ಠಮಧುವಿನ ಸಿಹಿ ಹಾಗೇ ಉಳಿಯುತ್ತದೆ, ಅದು ನಾಲಿಗೆಯದು. ಶುಂಠಿ, ಮೆಣಸಿನ ಖಾರ, ಪುದೀನದ ತಂಪು ಕೂಡ ಉಳಿಯುತ್ತವೆ, ಅವು ರುಚಿಯೂ ಅಲ್ಲ ವಾಸನೆಯೂ ಅಲ್ಲ, ಬಾಯಿಯ ನರಕ್ಕೆ ತಾಗುವ ಉರಿ ಮತ್ತು ತಂಪು. ಒಂದು ಟೀಯಲ್ಲಿ ಮೂಗು ಮುಚ್ಚಿದ ಮೇಲೆ ಏನೇನು ಉಳಿಯಿತು ಅಂತ ಬರೆದುಕೊಂಡರೆ ಆ ಟೀಯ ಒಳಗುಟ್ಟು ಅರ್ಧ ಬಯಲಾದ ಹಾಗೆ.

ಎರಡನೇ ಉಪಾಯ ನನಗೆ ಇನ್ನೂ ಇಷ್ಟ. ಅದೇ ಎಲೆಗೆ ಇನ್ನೊಮ್ಮೆ ಕುದಿಯುವ ನೀರು ಹಾಕಿ, ಈ ಸಲ ಒಂದು ನಿಮಿಷ ಜಾಸ್ತಿ ಬಿಡಿ. ಮೇಲೆ ಬಳಿದ ಘಮ ಬಹುಪಾಲು ಮೊದಲ ಸಲವೇ ಇಳಿದುಹೋಗಿರುತ್ತದೆ. ಎರಡನೇ ಕಪ್‌ನಲ್ಲಿ ಮೇಕಪ್ ತೊಳೆದ ಮುಖ ಕಾಣುತ್ತದೆ. ಒಳ್ಳೆಯ ಎಲೆಯಾದರೆ ಆಗಲೂ ಏನೋ ಒಂದು ರುಚಿ ಇರುತ್ತದೆ, ಒಣ ಹಣ್ಣಿನದೋ ಜೇನಿನದೋ. ಕೆಟ್ಟ ಎಲೆಯಾದರೆ ಬಣ್ಣದ ನೀರು, ಕೊನೆಗೆ ಸೌದೆಯಂಥ ಒಣ ರುಚಿ. ಕಪ್ ಆರುತ್ತಾ ಬಂದಾಗಲೂ ಒಮ್ಮೆ ಕುಡಿಯಿರಿ, ಹೊಗೆಯಾಡುವಾಗ ಮುಚ್ಚಿಹೋಗಿದ್ದ ಕಹಿ ಆರಿದ ಮೇಲೆ ಎದ್ದು ಕಾಣುತ್ತದೆ. ಹಾಗೆ ನೋಡಿದರೆ 65 ಡಿಗ್ರಿಗಿಂತ ಬಿಸಿಯಾಗಿ ಯಾವ ಪಾನೀಯವನ್ನೂ ಕುಡಿಯದಿರುವುದೇ ಗಂಟಲಿಗೂ ಒಳ್ಳೆಯದು.

ಅರ್ಲ್ ಗ್ರೇ ಬಗ್ಗೆ ಎರಡು ಮಾತು. ಅದರ ಘಮ ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯದು, ಆ ಹಣ್ಣು ಹೆಚ್ಚಾಗಿ ಬೆಳೆಯುವುದು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ. ಎಣ್ಣೆಯಲ್ಲಿ ಲಿಮೊನೀನ್, ಲಿನಾಲೂಲ್, ಲಿನಾಲಿಲ್ ಅಸಿಟೇಟ್ ಇರುತ್ತವೆ. ಮೊದಲನೆಯದು ಸಿಪ್ಪೆಯ ಚುರುಕು, ಉಳಿದೆರಡು ಹೂವಿನ ಮೆತ್ತನೆ. ಒಳ್ಳೆಯದರಲ್ಲಿ ಮೊದಲು ಸಿಪ್ಪೆ ಬಂದು, ಆಮೇಲೆ ಹೂ ಬಂದು, ಕೊನೆಗೆ ಟೀ ಉಳಿಯುತ್ತದೆ. ಕೆಲವು ಮಾತ್ರ ಶುರುವಿನಿಂದ ಕೊನೆತನಕ ಒಂದೇ ಸ್ವರ ಹಿಡಿದು ಕೂಗುತ್ತವೆ, ನೆಲ ಒರೆಸುವ ದ್ರಾವಣದ ನೆನಪು ಬಂದರೆ ನಿಮ್ಮ ಮೂಗು ಸುಳ್ಳು ಹೇಳುತ್ತಿಲ್ಲ. ಬರ್ಗಮಾಟ್ ಹೊಂದುವುದು ತೆಳು ಟೀಗೆ ಅಂತ ಕೆಲವರು, ಗಟ್ಟಿ ಟೀಗೆ ಅಂತ ಕೆಲವರು. ನಾನು ಗಟ್ಟಿ ಪಕ್ಷ. ತೆಳು ಎಲೆ ಆ ಎಣ್ಣೆಯ ಅಡಿ ನಜ್ಜುಗುಜ್ಜಾಗುತ್ತದೆ.

ಹೊಗೆ ಟೀ, ಅಂದರೆ ಲಪ್ಸಾಂಗ್ ಸೂಚಾಂಗ್, ಸಿಕ್ಕಿದರೆ ಕೊನೆಗೆ ಇಡಿ. ಚೀನಾದ ಫುಜಿಯಾನ್ ಪ್ರಾಂತದ ವುಯಿ ಬೆಟ್ಟಗಳ ಟೀ ಅದು, ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುವುದು. ಅದನ್ನು ಕುಡಿದ ಮೇಲೆ ಒಂದು ತಾಸು ಬೇರೆ ಏನೂ ತಿಳಿಯುವುದಿಲ್ಲ.

ಹಾಲು? ಹೋಲಿಸುವಾಗ ಬೇಡ. ಹಾಲಿನ ಕೇಸಿನ್ ಅನ್ನುವ ಪ್ರೋಟೀನ್ ಟೀಯ ಪಾಲಿಫಿನಾಲನ್ನು ಹಿಡಿದು ಒಗರನ್ನು ಮೆತ್ತಗೆ ಮಾಡುತ್ತದೆ, ವ್ಯತ್ಯಾಸವೇ ಅಳಿಸಿಹೋಗುತ್ತದೆ. ಆದರೆ ದಿನಾ ಹಾಲು ಹಾಕಿ ಕುಡಿಯುವವರು ನೀವಾಗಿದ್ದರೆ ಕೊನೆಯಲ್ಲಿ ಎಲ್ಲ ಕಪ್‌ಗೂ ಒಂದೇ ಅಳತೆ ಹಾಲು ಹಾಕಿ ಇನ್ನೊಂದು ಸುತ್ತು ನೋಡಿ. ಬರಿದಾಗಿ ಗೆದ್ದ ಟೀ ಹಾಲಿನಲ್ಲಿ ಸೋಲುವುದು ಉಂಟು.

ಗ್ರೀನ್ ಟೀಯ ಸುತ್ತು

ಇದನ್ನು ಬೇರೆ ದಿನ ಮಾಡಿ. ಅದೇ ದಿನ ಮಾಡಲೇಬೇಕು ಅಂದರೆ ಗ್ರೀನ್ ಮೊದಲು, ಫ್ಲೇವರ್ಡ್ ಆಮೇಲೆ. ಬರ್ಗಮಾಟ್ ಆದ ಮೇಲೆ ಸೆಂಚಾ ಅನ್ನುವ ಗ್ರೀನ್ ಟೀ ಕುಡಿಯುವುದು ಪಟಾಕಿ ಹೊಡೆದ ಮೇಲೆ ಪಿಸುಮಾತು ಕೇಳಿಸಿಕೊಂಡ ಹಾಗೆ.

ಎರಡು ಎಲೆ ಆರಿಸುವಾಗ ಒಂದು ಬಾಣಲೆಯದು, ಒಂದು ಹಬೆಯದು ಇರಲಿ. ಬಾಣಲೆಯದಕ್ಕೆ ಲಾಂಗ್‌ಜಿಂಗ್ ಒಳ್ಳೆಯ ಉದಾಹರಣೆ, ಚೀನಾದ ಹಾಂಗ್‌ಝೌ ಕಡೆಯದು, ಬಾಣಲೆಗೆ ಒತ್ತಿ ಒತ್ತಿ ಎಲೆ ಚಪ್ಪಟೆಯಾಗಿರುತ್ತದೆ. ಹುರಿದ ಬೀಜದ ವಾಸನೆ, ಹಿತವಾದ ಒಣ ಬಿಸಿ. ಹಬೆಯದಕ್ಕೆ ಜಪಾನಿನ ಸೆಂಚಾ, ಸೂಜಿಯಂಥ ಕಡು ಹಸಿರು ಎಲೆ. ಹಸಿ ಸೊಪ್ಪು, ಕಡಲ ಪಾಚಿಯ ವಾಸನೆ. ಆ ಪಾಚಿ ವಾಸನೆಗೆ ಡೈಮೀಥೈಲ್ ಸಲ್ಫೈಡ್ ಒಂದು ಮುಖ್ಯ ಕಾರಣ, ಹುರಿದ ವಾಸನೆಗೆ ಪೈರಜೀನ್‌ಗಳು. ಮೊದಲ ಸಲ ಕುಡಿದವರು ಸೆಂಚಾ "ಹಳಸಿದೆ" ಅಂತ ಚೆಲ್ಲಿದ್ದನ್ನು ಕಂಡಿದ್ದೇನೆ. ಹಳಸಿಲ್ಲ, ಅದು ಇರುವುದೇ ಹಾಗೆ.

150 ಮಿಲಿ ನೀರಿಗೆ 3 ಗ್ರಾಂ, 80 ಡಿಗ್ರಿ, 2 ನಿಮಿಷ. ಮೊದಲು ಎಲ್ಲಕ್ಕೂ ಇದೇ. ಸೋಸುವಾಗ ಕೊನೆಯ ಹನಿಯವರೆಗೆ ಬಸಿಯಿರಿ, ನೀರು ತಳದಲ್ಲಿ ನಿಂತರೆ ಎಲೆ ಅಲ್ಲೇ ನೆನೆಯುತ್ತಾ ಮುಂದಿನ ಕಪ್ ಹಾಳು ಮಾಡುತ್ತದೆ. ಬಸಿದ ಒದ್ದೆ ಎಲೆಯ ಹತ್ತಿರ ಮೂಗು ತಂದು ಮೂಸಿ, ಕಪ್‌ಗಿಂತ ಅಲ್ಲೇ ಜಾಸ್ತಿ ಗೊತ್ತಾಗುತ್ತದೆ. ಆಮೇಲೆ ಎಲೆ ಬಿಡಿಸಿ ನೋಡಿ. ಪೂರ್ತಿ ಚಿಗುರು, ಎರಡು ಎಳೆ ಎಲೆ ಕಾಣುತ್ತದಾ, ಬರೀ ತುಂಡಾ? ಹಸಿರು ಹೋಗಿ ಕಂದು ಕಂದಾಗಿದ್ದರೆ ಒಂದೋ ತುಂಬ ಹಳೆಯದು, ಇಲ್ಲವೇ ಮಾಡುವಾಗಲೇ ಬಿಸಿ ಸರಿಯಾಗಿ ತಾಗಿಲ್ಲ.

ಕಪ್ ಮಬ್ಬಾಗಿದೆ ಅಂತ ಅಂಕ ಕಳೆಯಬೇಡಿ. ಜಾಸ್ತಿ ಹೊತ್ತು ಹಬೆ ಕೊಟ್ಟ ಸೆಂಚಾದಲ್ಲಿ ಎಲೆ ಪುಡಿಯಾಗಿ ಕಪ್ ದಟ್ಟ ಹಸಿರು ಮಬ್ಬಾಗುತ್ತದೆ. ಬಿಲುವೊಚುನ್‌ನಂಥ ಎಳೆ ಚಿಗುರಿನ ಟೀಯಲ್ಲಿ ಚಿಗುರಿನ ಮೇಲಿನ ಬಿಳಿ ನವಿರು ರೋಮ ನೀರಲ್ಲಿ ತೇಲುತ್ತದೆ. ಅದು ಎಳೆತನದ ಗುರುತು. ಬಣ್ಣ ಹಳದಿಯಾಗಿದ್ದರೂ ಗಾಬರಿ ಬೇಡ, ಬಾಣಲೆಯ ಟೀ ತಿಳಿ ಹಳದಿಯೇ ಇರುವುದು.

ಈಗ ನಾನು ಹೇಳಿದ ನೀರಿನ ತಪ್ಪು. ಒಂದು ಎಲೆ ನಿಮಗೆ ಕಹಿ ಅನ್ನಿಸಿತು ಅನ್ನಿ. ತೀರ್ಪು ಬರೆಯಬೇಡಿ. ಹೊಸ ಎಲೆ ತೂಗಿ, 80 ಡಿಗ್ರಿಯಲ್ಲಿ ಒಂದು, 65ರಲ್ಲಿ ಒಂದು, ಕುದಿಯುವ ನೀರಲ್ಲಿ ಒಂದು, ಮೂರು ಕಪ್ ಮಾಡಿ. ಒಂದೇ ಎಲೆ, ಮೂರು ಬೇರೆ ಬೇರೆ ಟೀ ಥರ ಇರುತ್ತದೆ. 65ರಲ್ಲಿ ಕಹಿ ಹೋಗಿ ಸವಿ ಬಂದರೆ ಎಲೆ ಒಳ್ಳೆಯದೇ, ನೀರು ಜಾಸ್ತಿ ಬಿಸಿ ಇತ್ತು. 65ರಲ್ಲೂ ಕಹಿಯಾಗಿದ್ದು ರುಚಿ ಮಾತ್ರ ತೆಳ್ಳಗಾದರೆ ಎಲೆಯದೇ ತಪ್ಪು. ಕುದಿಯುವ ನೀರಲ್ಲೂ ಒಂದಿಷ್ಟು ಸವಿ ಉಳಿಸಿಕೊಂಡರೆ, ಆ ಎಲೆ ಇನ್ನಷ್ಟು ತಂದಿಡಿ.

ಇನ್ನೂ ಸೋಮಾರಿತನದ ದಾರಿ ಒಂದಿದೆ. ಅರ್ಧ ಲೀಟರ್ ತಣ್ಣೀರಿಗೆ 5 ಗ್ರಾಂ ಎಲೆ ಹಾಕಿ ರಾತ್ರಿ ಫ್ರಿಜ್‌ನಲ್ಲಿಡಿ, ಬೆಳಗ್ಗೆ ಸೋಸಿ. ಒಗರು, ಕೆಫೀನ್ ಎರಡೂ ಕಡಿಮೆ ಇಳಿದಿರುತ್ತದೆ, ಎಲೆಯ ಸವಿ ಒಂಟಿಯಾಗಿ ಸಿಗುತ್ತದೆ. ಎರಡು ಗ್ರೀನ್ ಟೀ ನಡುವೆ ವ್ಯತ್ಯಾಸ ತಿಳಿಯದೆ ತಲೆ ಕೆಟ್ಟಾಗ ನಾನು ಇದನ್ನೇ ಮಾಡುವುದು.

ಸವಿ ಅಂತ ಮತ್ತೆ ಮತ್ತೆ ಅಂದೆ. ಅದು ಸಿಹಿ ಅಲ್ಲ. ಬಾಯಿ ತುಂಬಿದ ಹಾಗೆ, ನುಂಗಿದ ಮೇಲೂ ನೀರೂರುತ್ತಾ ಇರುವ ಹಾಗೆ ಆಗುತ್ತದಲ್ಲ, ಅದು. 1908ರಲ್ಲಿ ಜಪಾನಿನ ಕಿಕುನೆ ಇಕೆದಾ ಇದಕ್ಕೆ ಉಮಾಮಿ ಅಂತ ಹೆಸರಿಟ್ಟರು. ಗ್ಯೊಕುರೊದಲ್ಲಿ ಇದು ಗಾಢ. ಕೀಳುವ ಮೊದಲು ಸುಮಾರು ಮೂರು ವಾರ ಗಿಡಕ್ಕೆ ನೆರಳು ಹೊದಿಸುತ್ತಾರೆ, ಬಿಸಿಲಿದ್ದರೆ ಥಿಯಾನಿನ್ ಕ್ಯಾಟೆಕಿನ್ ಕಡೆಗೆ ತಿರುಗಿಬಿಡುತ್ತದೆ, ನೆರಳಲ್ಲಿ ಉಳಿಯುತ್ತದೆ. ಸೆಂಚಾ ಮತ್ತು ಗ್ಯೊಕುರೊ ಎರಡನ್ನೂ 60 ಡಿಗ್ರಿಯಲ್ಲಿ ಪಕ್ಕಪಕ್ಕ ಇಟ್ಟು ಕುಡಿದರೆ, ಒಂದು ಬಿಸಿಲು ಒಂದು ನೆರಳು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಒಳ್ಳೆಯ ಎಲೆಯನ್ನು ಒಂದೇ ಸಲಕ್ಕೆ ಎಸೆಯಬೇಡಿ. ಎರಡನೇ ಸಲ ಅರ್ಧ ನಿಮಿಷ ಸಾಕು, ಎಲೆ ಆಗಲೇ ಬಿಚ್ಚಿಕೊಂಡಿದೆ. ಮೂರನೇ ಸಲಕ್ಕೆ ಮತ್ತೆ 2 ನಿಮಿಷ, ನೀರೂ ಸ್ವಲ್ಪ ಜಾಸ್ತಿ ಬಿಸಿ. ಎಷ್ಟನೇ ಕಪ್‌ಗೆ ಸಪ್ಪೆಯಾಯಿತು ಅಂತ ಬರೆದಿಡಿ.

ಬರೆಯುವುದು, ಮತ್ತೆ ಕಣ್ಣು ಕಟ್ಟಿ ನೋಡುವುದು

"ಚೆನ್ನಾಗಿದೆ" ಅನ್ನುವ ಮಾತನ್ನು ಪುಸ್ತಕದಿಂದ ಗಡಿಪಾರು ಮಾಡಿ. ಏನು ನೆನಪಾಯಿತೋ ಅದನ್ನು ಬರೆಯಿರಿ, ಎಷ್ಟು ವಿಚಿತ್ರವಾಗಿದ್ದರೂ ಸರಿ. ಮಳೆ ಬಿದ್ದ ಮಣ್ಣು, ಹೊಸ ಪುಸ್ತಕ, ಒದ್ದೆ ಗೋಣಿಚೀಲ. ನನ್ನ ಪುಸ್ತಕದಲ್ಲಿ ಒಂದು ಕಡೆ "ಇಸ್ತ್ರಿ ಮಾಡಿದ ಬಟ್ಟೆ" ಅಂತಿದೆ, ಆ ಟೀ ಇವತ್ತಿಗೂ ನೆನಪಿದೆ. ಮೂಗು ದಣಿದರೆ ನಿಮ್ಮದೇ ಅಂಗಿಯ ತೋಳು ಮೂಸಿ, ದಿನವಿಡೀ ಜೊತೆಗಿರುವ ವಾಸನೆಗೆ ಮೂಗು ಮತ್ತೆ ದಾರಿಗೆ ಬರುತ್ತದೆ. ಆ ದಿನ ಸೆಂಟ್ ಹಾಕಿರಬಾರದು, ಅಷ್ಟೇ.

ಎರಡು ಟೀ ನಡುವೆ ವ್ಯತ್ಯಾಸ ನಿಜವಾಗಿ ಗೊತ್ತಾಗುತ್ತಿದೆಯಾ, ಅಥವಾ ಪೊಟ್ಟಣ ನೋಡಿ ಹಾಗೆ ಅನ್ನಿಸುತ್ತಿದೆಯಾ? ಮನೆಯವರ ಹತ್ತಿರ ಹೇಳಿ, ಮೂರು ಕಪ್‌ನಲ್ಲಿ ಎರಡಕ್ಕೆ ಒಂದು ಟೀ, ಒಂದಕ್ಕೆ ಇನ್ನೊಂದು ಟೀ ಹಾಕಿಕೊಡಲಿ. ಬೇರೆ ಯಾವುದು ಅಂತ ನೀವು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಂದು ಸಲ ಗೆದ್ದರೆ ಬೀಗಬೇಡಿ. ಸತತ ಮೂರು ಸಲ ಊಹೆಯಲ್ಲೇ ಸರಿಯಾಗುವುದು 27ರಲ್ಲಿ ಒಂದು ಸಲ. ಬಣ್ಣ ನೋಡಿ ಕಂಡುಹಿಡಿಯುವ ಹಾಗಿದ್ದರೆ ಕಣ್ಣು ಮುಚ್ಚಿಕೊಳ್ಳಿ. ನಾನು ಎರಡು ಅರ್ಲ್ ಗ್ರೇಗಳ ಬಗ್ಗೆ ತುಂಬ ಭಾಷಣ ಮಾಡುತ್ತಿದ್ದವನು ಈ ಪರೀಕ್ಷೆಯಲ್ಲಿ ಐದಕ್ಕೆ ಎರಡು ಸರಿ ಹೇಳಿದೆ. ಮೂಗು ಮುಚ್ಚಿಕೊಂಡು ನೋಡಿದಾಗ ಗೊತ್ತಾಯಿತು, ಅಡಿಯಲ್ಲಿರುವ ಎಲೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಆಮೇಲಿಂದ ಕಡಿಮೆ ಬೆಲೆಯದನ್ನೇ ತರುತ್ತಿದ್ದೇನೆ.

ಒಂದು ಕೂರಿಕೆಗೆ ನಾಲ್ಕು ಟೀಗಿಂತ ಜಾಸ್ತಿ ಬೇಡ, ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ, ಗ್ರೀನ್ ಟೀ ಹೊಟ್ಟೆ ತೊಳಸುತ್ತದೆ. ಟೇಸ್ಟರ್‌ಗಳು ಮಾಡುವ ಹಾಗೆ ಉಗುಳಲು ಒಂದು ಪಾತ್ರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ರಾತ್ರಿ ನಿದ್ದೆ ಬರದೆ ಸೂರಿನ ಜಂತಿ ಎಣಿಸುತ್ತೀರಿ.

ಮುಗಿದ ಮೇಲೆ ಗ್ರೀನ್ ಟೀಯನ್ನು ಗಾಳಿಯಾಡದ ಹಾಗೆ ಕಟ್ಟಿ, ಬೆಳಕು ತಾಗದ ಕಡೆ ಇಡಿ, ಪೊಟ್ಟಣದ ಮೇಲೆ ಒಡೆದ ತಾರೀಖು ಬರೆಯಿರಿ. ಒಡೆಯದ ಪೊಟ್ಟಣವನ್ನು ಫ್ರಿಜ್‌ನಲ್ಲಿಡಬಹುದು, ಆದರೆ ಹೊರಗೆ ತೆಗೆದ ತಕ್ಷಣ ಒಡೆಯಬೇಡಿ, ಪೂರ್ತಿ ಕೋಣೆಯ ಬಿಸಿಗೆ ಬರಲಿ, ಇಲ್ಲದಿದ್ದರೆ ಎಲೆಯ ಮೇಲೆ ನೀರು ಕೂರುತ್ತದೆ. ಫ್ಲೇವರ್ಡ್ ಟೀಗೆ ಬೇರೆಯೇ ಡಬ್ಬ, ಸಾಧ್ಯವಾದರೆ ಬೇರೆಯೇ ಕಪಾಟು. ಆ ಡಬ್ಬದ ಮುಚ್ಚಳದಲ್ಲಿ ರಬ್ಬರ್ ವಾಷರ್ ಇದ್ದರೆ, ಇನ್ನೊಂದು ಟೀ ತುಂಬುವ ಮೊದಲು ಅದನ್ನು ಬಿಚ್ಚಿ ಮೂಸಿ ನೋಡಿ. ಬರ್ಗಮಾಟ್ ಅಲ್ಲೇ ಕೂತಿರುತ್ತದೆ.